ಯಮನೂರಪ್ಪನು ಶೀರ್ಷಿಕೆ ಘೋಷಿಸಿದ ಮಹಾಸಮರ

ಸೀಮೆಸುಣ್ಣದ ಧೂಳನ್ನೇ ವಿಭೂತಿಯಾಗಿ ಧರಿಸಿದವಳೇ, ಕಪ್ಪುಹಲಗೆಯೆಂಬ ಕಾರ್ಮುಗಿಲಿನಲ್ಲಿ ಮಿಂಚುವವಳೇ, ತಾಯಿ ವಾಗ್ದೇವಿ, ಬಾರಮ್ಮ, ಈ ಕಥೆಗಾರನ ನಾಲಗೆಯ ತುದಿಯಲ್ಲಿ ಒಂದು ಗಳಿಗೆ ಕೂತುಕೋ. ಮಲಪ್ರಭೆಯ ದಂಡೆಯ ತಾಲೂಕು ಊರೊಂದರಲ್ಲಿ, ಬಿ.ಎಡ್. ಎಂಬ ಯುಗದ ಕಡೆಯ ದಿನಗಳಲ್ಲಿ, ಪಾಠಯೋಜನಾಪಾರಾವಾರಪಾರಂಗತನೂ, ಇಸ್ತ್ರಿಯ ಗೆರೆ ಕೆಡದ ಬಿಳಿಯಂಗಿಯಿಂದ ಶರತ್ಕಾಲದ ಚಂದ್ರನನ್ನು ನಾಚಿಸುವವನೂ, ಘನಗಂಭೀರಕಂಠೀರವಕಂಠನೂ ಆದ ಯಮನೂರಪ್ಪ ಕಟಗೇರಿಯೆಂಬ ಪ್ರಶಿಕ್ಷಣಾರ್ಥಿಯು ಒಂದೇ ಒಂದು ಪದದೊಡನೆ ಹೂಡಿದ ಘೋರಕದನವನ್ನು ಹೇಳಬೇಕಾಗಿದೆ.

ಯುದ್ಧದ ಮೂಲ ಇಷ್ಟೇ. ಹೈಸ್ಕೂಲಿನ ಹತ್ತನೆಯ ತರಗತಿಗೆ ಹೇಳಬೇಕಾದ ಅಭ್ಯಾಸಪಾಠಗಳನ್ನು ಬಿ.ಎಡ್. ಕಾಲೇಜಿನ ಹಿರೇಗೌಡರ ಮೇಡಂ ಹಂಚುತ್ತಿದ್ದರು. 'ಲೈಂಗಿಕವಾಗಿ ಹರಡುವ ಸೋಂಕುಗಳು' ಎಂಬ ಪಾಠ ಯಮನೂರಪ್ಪನ ಸಹಪಾಠಿ ದಾಕ್ಷಾಯಣಿಯ ಪಾಲಿಗೆ ಬಂತು. ಬಂದದ್ದೇ ತಡ, ಭಾವಿಗುರುಗಳ ಆ ಮಹಾಸಭೆ ಕಡೆದ ಕಡಲಿನಂತೆ ಕದಡಿತು.

"ಇದನ್ನ ಹೇಳಿದ್ರ ಹುಡುಗ್ರು ಕೆಡ್ತಾವ್ರಿ," ಎಂದಿತು ಒಂದು ಕಂಠ.

"ಹುಡುಗ್ಯಾರನ್ನ ಹೊರಗ ಕಳಿಸಿ ಹೇಳಿದ್ರಾತು," ಎಂದಿತು ಇನ್ನೊಂದು.

"ಹುಡುಗರನ್ನ ಕಳಿಸ್ರಿ, ನಗೋರು ಅವರ," ಎಂದಿತು ಮತ್ತೊಂದು.

ಇಬ್ಬರನ್ನೂ ಹೊರಗೆ ಕಳಿಸಿ ಬೆಂಚುಗಳಿಗೆ ಬೋಧಿಸುವ ಮಾರ್ಗವೊಂದೇ ಉಳಿಯಿತು.

"ಅದರಾಗೇನೈತಿ?" ಎಂದಳು ದಾಕ್ಷಾಯಣಿ. "ಮಲೇರಿಯಾ ಹೇಳಿದಂಗ ಹೇಳೂದು."

ಆಗ, ಗುಹೆಯಿಂದ ಸಿಂಹವು ಹೊರಡುವಂತೆ, ಮೂರನೆಯ ಸಾಲಿನಿಂದ ಯಮನೂರಪ್ಪ ಎದ್ದ. "ದಾಕ್ಷಾಯಣಿಯವರ, ಕಟಗೇರಿ ಮನಿತನದ ಗಂಡಸು ಇಲ್ಲಿ ಉಸಿರಾಡೂತನಕ ಒಬ್ಬ ಹೆಣ್ಮಗಳ ಬಾಯಾಗ ಆ ಮಾತು ಬರಬಾರ್ದು. ನನ್ನ ವಾಯುಮಾಲಿನ್ಯದ ಪಾಠ ನೀವು ತಗೋರಿ, ಈ ಬೆಂಕಿ ನನ್ನ ಕೈಯಾಗ ಕೊಡ್ರಿ. ನಾಳೆ ಎರಡನೇ ಪಿರಿಯಡ್ಡಿನಾಗ, ಕಡೀ ಬೆಂಚಲ್ಲ, ಕಂಪೌಂಡಿನ ಆಚೀಕಡೆ ಚಾದಂಗಡಿಗೂ ಕೇಳೂವಂಗ ಆ ಶೀರ್ಷಿಕೆ ಘೋಷಿಸ್ತೀನಿ."

"ನಾ ಕೊಡ್ತೀನಿ ಅಂದಿಲ್ಲಲ್ರಿ," ಎಂದಳು ಆಕೆ. ಆದರೆ ಚಪ್ಪಾಳೆಯ ಗುಡುಗಿನಲ್ಲಿ ಆ ಮಾತು ಮುಳುಗಿಹೋಯಿತು.

ಮೇಡಂ ಕನ್ನಡಕದ ಮೇಲಿಂದ ನೋಡಿ, "ಇದು ನಿಂದು ಕಡೀ ಪಾಠ, ಯಮನೂರಪ್ಪ. ಶೀರ್ಷಿಕೆ ನೀನ ಘೋಷಣೆ ಮಾಡ್ಲಿಲ್ಲಂದ್ರ ಪಾಠ ರದ್ದು ಮಾಡ್ತೀನಿ ನೋಡಪಾ," ಎಂದರು.

ಮರುದಿನ ರಣರಂಗದಲ್ಲಿ ಹಿಂದಿನ ಬೆಂಚಿಗೆ ಮೇಡಂ, ಅವರ ಪಕ್ಕಕ್ಕೆ ಪಾಠ ವೀಕ್ಷಿಸಲು ದಾಕ್ಷಾಯಣಿ, ನಡುವೆ ಹತ್ತನೆಯ ತರಗತಿಯೆಂಬ ಅಕ್ಷೌಹಿಣಿ. ಬಿ.ಎಡ್. ಶಾಸ್ತ್ರದ ಪ್ರಕಾರ ಗುರುವು ಪಾಠದ ಹೆಸರನ್ನು ಒಮ್ಮೆಲೇ ಹೇಳುವಂತಿಲ್ಲ. ಪೀಠಿಕಾ ಪ್ರಶ್ನೆಗಳಿಂದ ಮಕ್ಕಳನ್ನು ಅದರ ಬಾಗಿಲ ತನಕ ಕರೆತಂದು, ಆಮೇಲೆ ಘೋಷಿಸಬೇಕು. ರಾತ್ರಿಯಿಡೀ ಆ ಪದವನ್ನು ಬಾಯಿಗೆ ತರಲು ಹೆಣಗಿ ಸೋತಿದ್ದ ವೀರನಿಗೆ ಈ ಶಾಸ್ತ್ರದಲ್ಲೇ ಒಂದು ಸುರಂಗ ಕಂಡಿತ್ತು: ಆ ಬಾಗಿಲನ್ನು ಮಕ್ಕಳೇ ತೆಗೆದುಬಿಟ್ಟರೆ?

"ಸೋಂಕು ಹೆಂಗ ಹರಡತಾವ?" ಎಂದು ಮೊದಲ ಬಾಣ ಬಿಟ್ಟ.

"ಗಾಳಿಯಿಂದ್ರಿ."

"ಶಾಬಾಸ್. ಮತ್ತ?"

"ನೀರಿಂದ್ರಿ. ಸೊಳ್ಳಿಯಿಂದ್ರಿ."

"ಇನ್ನೂ ಒಂದು ಐತಿ. ಮನಷ್ಯಾರಿಂದ ಮನಷ್ಯಾರಿಗೆ..."

"ಕೆಮ್ಮಿದ್ರ ಬರತೈತ್ರಿ."

"ಕೆಮ್ಮಲ್ಲೋ. ಭಾಳ ಹತ್ರ ಬಂದ್ರ?"

"ಹೇನು ಹತ್ತತಾವ್ರಿ," ಎಂದಿತು ನಾಲ್ಕನೆಯ ಬೆಂಚು.

"ಹೇನಲ್ಲ. ದೊಡ್ಡವರಾದ ಮ್ಯಾಲ ಬರೂವಂಥಾದ್ದು, ವಿಚಾರ ಮಾಡ್ರಿ."

"ಬಿ.ಪಿ. ರೀ."

ದಾಕ್ಷಾಯಣಿ ಮುಖಕ್ಕೆ ಸೆರಗು ಅಡ್ಡ ಹಿಡಿದಳು. ಮೇಡಂ ಗಡಿಯಾರ ನೋಡಿದರು. ಸುರಂಗ ಕುಸಿದಿತ್ತು, ಇನ್ನು ಎದುರುಬದುರು ಕಾದುವುದೊಂದೇ ದಾರಿ. ಯಮನೂರಪ್ಪ ಬಾಯಿ ತೆರೆದ. 'ಲ' ಎಂಬ ಅಕ್ಷರ ನಾಲಗೆಯ ಮೇಲೆ ಬಂದು, ಸಂತೆಯ ಎತ್ತಿನಂತೆ ಕೂತುಬಿಟ್ಟಿತು, ಎಬ್ಬಿಸಿದರೆ ಏಳಲೊಲ್ಲದು. ತಾನು ಹತ್ತನೆಯದರಲ್ಲಿದ್ದಾಗ ಇದೇ ಪಾಠ ಬಂದೊಡನೆ "ಮನ್ಯಾಗ ಓದ್ಕೋರಿ" ಎಂದು ಪುಸ್ತಕ ಮುಚ್ಚಿದ ಮಾಸ್ತರು ನೆನಪಾದರು. ಮನೆಯಲ್ಲಿ ಓದಲು ಕೂತಾಗ ಅಪ್ಪ ಒಳಗೆ ಬಂದದ್ದು, ತಾನು ಗಡಬಡಿಸಿ ಪುಟ ತಿರುವಿದ್ದು ನೆನಪಾಯಿತು. ಆ ಪುಟಗಳನ್ನು ಆಮೇಲೆ ಅವನು ತೆರೆದು ಓದಿದ್ದು ನಿನ್ನೆ ರಾತ್ರಿಯೇ.

ಕಡೆಗೆ ಆ ಮಹಾಶೂರನು ಬೆನ್ನನ್ನೇ ಗುರಾಣಿ ಮಾಡಿಕೊಂಡು, ತರಗತಿಗೆ ಮುಖ ತಪ್ಪಿಸಿ, ಸೀಮೆಸುಣ್ಣವೆಂಬ ಬ್ರಹ್ಮಾಸ್ತ್ರವನ್ನು ಹಲಗೆಯ ಮೇಲೆ ಪ್ರಯೋಗಿಸಿದ. ಅಕ್ಷರಗಳು ಒಂದೊಂದಾಗಿ ನಡುಗುತ್ತ ಇಳಿದವು: ಲೈಗಿಕವಾಗಿ ಹರಡುವ ಸೋಂಕುಗಳು.

"ಸರ, ಅದು ತಪ್ಪೈತ್ರಿ," ಎಂದಳು ಮುಂದಿನ ಬೆಂಚಿನ ನೀಲವ್ವ.

ವೀರನು ಹಲಗೆಗೇ ಮುಖ ಕೊಟ್ಟು ನುಡಿದ. "ಏನವಾ ತಪ್ಪು? ಪುಸ್ತಕದಾಗ ಇದ್ದದ್ದನ್ನ ಬರದೀನಿ, ನಂದೇನೂ ಇಲ್ಲ ಅದರಾಗ."

"ಸೊನ್ನಿ ಬಿಟ್ಟೀರ್ರಿ. ಲೈಂಗಿಕ. ಲೈ ಮುಂದ ಸೊನ್ನಿ ಬರತೈತಿ."

"ಹೌದ್ರಿ ಸರ, ಲೈಂಗಿಕ," ಎಂದಿತು ಎರಡನೆಯ ಬೆಂಚು. "ಲೈಂ-ಗಿ-ಕ," ಎಂದು ಬಿಡಿಸಿ ಹೇಳಿತು ಗೋಡೆಯ ಕಡೆಯ ಸಾಲು. ಮಗ್ಗಿ ಒಪ್ಪಿಸುವ ರಾಗದಲ್ಲಿ ಇಡೀ ಸೇನೆ ಅದನ್ನು ಎತ್ತಿ ಎತ್ತಿ ಹೇಳಿತು. ಯಾರೂ ನಗಲಿಲ್ಲ, ಕೆಟ್ಟಿದ್ದು ಕಾಗುಣಿತ ಒಂದೇ.

ಯಮನೂರಪ್ಪ ಸೊನ್ನೆ ಇಟ್ಟ.

"ಸರ, ಇದು ಬಂದ್ರ ಆರಾಮ ಆಗತೈತೇನ್ರಿ?" ಎಂದು ನೀಲವ್ವನೇ ಮತ್ತೆ ಕೇಳಿದಳು.

ಅವನು ತಿರುಗಿದ. "ಭಾಳಷ್ಟು ಔಷಧಕ್ಕ ಪೂರ್ತಿ ಆರಾಮ ಆಗತಾವ. ಕೆಲವು ಆಗೂದಿಲ್ಲ, ಆದ್ರ ಔಷಧ ತಗೊಂಡ್ರ ಹಿಡಿತದಾಗ ಇರತಾವ. ಜಲ್ದಿ ದವಾಖಾನಿಗೆ ಹೋಗಬೇಕು. ನಾಚ್ಕೊಂಡು ಸುಮ್ಮ ಕುಂದರಬಾರ್ದು." ಕಡೆಯ ಮಾತು ಹೇಳುವಾಗ ಮಾತ್ರ ಆ ಕಂಠೀರವಕಂಠ ಸ್ವಲ್ಪ ಇಳಿಯಿತು, ದಾಕ್ಷಾಯಣಿ ನೆಟ್ಟಗೆ ಅವನನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಗಂಟೆ ಹೊಡೆಯಿತು.

ವರಾಂಡದಲ್ಲಿ ಮೇಡಂ ಕೇಳಿದರು, "ಘೋಷಣೆ ಯಾರು ಮಾಡಿದ್ರಪಾ?"

"ಮಕ್ಕಳ್ರಿ, ಮೇಡಂ."

"ನೀ?"

"ನಾ ಸೊನ್ನಿ ಇಟ್ಟೆರಿ."

ಮೇಡಂ ನಗು ತಡೆದುಕೊಂಡು, ಪಾಠ ರದ್ದು ಎಂದರು. ಯಮನೂರಪ್ಪ ಕೈಯಲ್ಲಿ ಉಳಿದಿದ್ದ ಸೀಮೆಸುಣ್ಣದ ತುಂಡನ್ನು ದಾಕ್ಷಾಯಣಿಯ ಮುಂದೆ ಹಿಡಿದ. "ನಿಮ್ಮ ಪಾಠ ನೀವ ಹೇಳ್ರಿ. ನಾ ಕಸ್ಕೊಂಡಿದ್ದೆ."

"ಹೇಳ್ತೀನಿ. ನೀವು ಹಿಂದ ಕುಂತು ಕೇಳ್ರಿ," ಎಂದಳು ಆಕೆ. "ಬರೀ ಕೇಳೂದಲ್ಲ, ಪ್ರಶ್ನೆ ಕೇಳಿದ್ರ ಕೈ ಎತ್ತಬೇಕು."

"ಆತ್ರಿ."

ಹೀಗೆ, ದಿಕ್ಕುಗಳು ನಡುಗಬೇಕಿದ್ದ ಆ ಮಹಾಸಮರದಲ್ಲಿ ಗೆದ್ದುಕೊಂಡ ಸಮಸ್ತ ಸಾಮ್ರಾಜ್ಯವೂ ಹಲಗೆಯ ಮೇಲಿನ ಒಂದು ಸೊನ್ನೆಯಷ್ಟಾಯಿತು. ಮುಂದಿನ ಪಿರಿಯಡ್ಡಿಗೆ ಬಂದ ಗಣಿತದ ಮಾಸ್ತರು ಅದನ್ನೂ ಒರೆಸಿದರು.