ಟೆಸ್ಟರ್ ರಾಯರ ವೈರಿಂಗ್ ಮತ್ತು ಕೆಮ್ಮು

"ನನ್ನ ವೈರಿಂಗ್‌ನಲ್ಲಿ ತಪ್ಪು ಹುಡುಕೋ ಗಂಡಸು ಇನ್ನೂ ಹುಟ್ಟಿಲ್ಲ ಕಣೇ" ಎಂದು ಟೆಸ್ಟರ್ ರಾಯರು ಬೆಳಗಿನ ಕಾಫಿಯ ಹೊತ್ತಿಗೇ ಘೋಷಿಸಿಬಿಟ್ಟರು. ಪರೀಕ್ಷೆಗೆ ಬರುವವರು ಹೆಂಗಸು ಎಂದು ಹೆಂಡತಿ ತಿಳಿಸಿದರು. ರಾಯರು ಅದನ್ನು ಕೇಳಿಸಿಕೊಳ್ಳಲಿಲ್ಲ. ಬೇಡದ ಮಾತು ಅವರ ಕಿವಿಗೆ ಯಾವತ್ತೂ ಬಿದ್ದದ್ದಿಲ್ಲ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು. ಜೇಬಿನಲ್ಲಿ ಪೆನ್ನು ಇರಬೇಕಾದ ಜಾಗದಲ್ಲಿ ಸದಾ ಒಂದು ಟೆಸ್ಟರ್ ಸಿಕ್ಕಿಸಿಕೊಂಡು ತಿರುಗುತ್ತಿದ್ದುದರಿಂದ ಬೀದಿಯವರು ಈ ಬಿರುದು ದಯಪಾಲಿಸಿದ್ದರು. ರಾಯರು ಅದನ್ನು ಗೌರವವೆಂದೇ ತಿಳಿದಿದ್ದರು, ಪಾಪ! ಆ ಟೆಸ್ಟರಿನ ಒಳಗಿದ್ದ ಪುಟ್ಟ ದೀಪ ಸತ್ತು ಯಾವ ಕಾಲವಾಗಿತ್ತೋ, ಎಲ್ಲಿ ಮುಟ್ಟಿಸಿದರೂ ಹತ್ತುತ್ತಿರಲಿಲ್ಲ. ಹತ್ತದಿದ್ದರೆ ಎಲ್ಲೂ ಕರೆಂಟ್ ಸೋರುತ್ತಿಲ್ಲವೆಂದೇ ಅರ್ಥ ಎಂದು ರಾಯರು ಕಂಡಕಂಡವರಿಗೆಲ್ಲ ಧೈರ್ಯ ಹೇಳುತ್ತಿದ್ದರು.

ಹೀಗೆ ಧೈರ್ಯ ಹೇಳಿಸಿಕೊಂಡು ಬೇಸತ್ತವರು ರಾಯರದೇ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಟೈಲರಮ್ಮ. ಆಕೆಯ ಹೊಲಿಗೆ ಯಂತ್ರ, ಇಸ್ತ್ರಿಪೆಟ್ಟಿಗೆ, ಬಟ್ಟೆಯ ರಾಶಿ ಎಲ್ಲ ಅಲ್ಲೇ. ಇಸ್ತ್ರಿಪೆಟ್ಟಿಗೆ ಮುಟ್ಟಿದರೆ ಕೈ ಜುಂ ಎನ್ನುತ್ತದೆ, ಸ್ವಿಚ್ ಒತ್ತಿದರೆ ಕಿಡಿ ಹಾರುತ್ತದೆ ಎಂದು ಆಕೆ ಹೇಳಿ ಹೇಳಿ ಸೋತಿದ್ದರು. ಚಪ್ಪಲಿ ಹಾಕಿಕೊಂಡು ಹೊಲಿಯಮ್ಮ ಎಂಬುದು ರಾಯರ ಚಿಕಿತ್ಸೆ. ಗೋಡೆ ಸುಟ್ಟು ಕಪ್ಪಗಾದ ಕಡೆ ಒಂದು ಹಳೇ ಕ್ಯಾಲೆಂಡರ್ ತೂಗುಹಾಕಿ ಕೆಳಗಿಳಿಯುತ್ತಿದ್ದರು. ಒಂದು ಗೋಡೆಯಲ್ಲಿ ಜಲಪಾತ, ಇನ್ನೊಂದರಲ್ಲಿ ಹಿಮಪರ್ವತ, ಅಡುಗೆಮನೆಯಲ್ಲಿ ಬೆಕ್ಕಿನ ಮರಿಗಳು. ಬಂದ ಗಿರಾಕಿಗಳು ಟೈಲರಮ್ಮನಿಗೆ ಚಿತ್ರಗಳ ಹುಚ್ಚು ಎಂದುಕೊಂಡು ಹೋಗುತ್ತಿದ್ದರು.

ಬಾಡಿಗೆ ಮನೆಗಳ ವೈರಿಂಗ್ ಪರೀಕ್ಷೆ ಆಗಲೇಬೇಕೆಂಬ ನಿಯಮ ಬಂದಾಗ ಟೈಲರಮ್ಮನಿಗೆ ಹೋದ ಜೀವ ಬಂದಂತಾಯಿತು. ರಾಯರದು ಹೊರಟಿತು. ಫೇಲಾದರೆ ಮಹಡಿಯ ಕರೆಂಟ್ ಕಟ್. ಅದಕ್ಕಿಂತ ಹೆಚ್ಚಾಗಿ ಮಾನದ ಪ್ರಶ್ನೆ. ಮೇಲಿನದು, ಕೆಳಗಿನದು ಎರಡೂ ತಮ್ಮದೇ ಕೈಕೆಲಸ, ಒಬ್ಬ ಎಲೆಕ್ಟ್ರೀಷಿಯನ್ನನ್ನೂ ಹೊಸ್ತಿಲು ದಾಟಿಸಿಲ್ಲ ಎಂದು ಬೀದಿಯ ತುಂಬ ಕೊಚ್ಚಿಕೊಂಡು ಬಂದವರು, ಈಗ ಫೇಲಾದರೆ ಮುಖ ಎಲ್ಲಿಟ್ಟುಕೊಳ್ಳುವುದು?

ತಲೆ ನೆಟ್ಟಗಿದ್ದವರಾದರೆ ಆಗಲಾದರೂ ಎಲೆಕ್ಟ್ರೀಷಿಯನ್ನನ್ನು ಕರೆಸುತ್ತಿದ್ದರು. ರಾಯರು ಅಂಗಡಿಗೆ ಹೋಗಿ ಫಳಫಳ ಹೊಳೆಯುವ ಹೊಸ ಸ್ವಿಚ್ ಬೋರ್ಡುಗಳನ್ನು ತಂದರು. ಮಹಡಿಯ ಹಳೇ ಸ್ವಿಚ್ಚುಗಳನ್ನು ಕಿತ್ತರು, ಒಳಗಿನ ವೈರುಗಳನ್ನು ಒಂದಕ್ಕೊಂದು ತಿರುಚಿ ಟೇಪು ಸುತ್ತಿದರು, ಮೇಲೆ ಹೊಸ ಬೋರ್ಡನ್ನು ಗೋಂದಿನಿಂದ ಅಂಟಿಸಿಬಿಟ್ಟರು. ನೋಡಲು ಅರಮನೆ! ಒತ್ತಿದರೆ ಟಕ್ ಎಂಬ ಸದ್ದೂ ಬರುತ್ತಿತ್ತು. ಸದ್ದಿನ ಹೊರತು ಬೇರೇನೂ ಬರುತ್ತಿರಲಿಲ್ಲ.

ಅದಕ್ಕೂ ಉಪಾಯವಿತ್ತು. ಮಹಡಿಯ ಮೇನ್ ಸ್ವಿಚ್ ಇದ್ದದ್ದು ಮೆಟ್ಟಿಲ ತಿರುವಿನಲ್ಲಿ, ಬಾಗಿಲಿನ ಮರೆಗೆ. ಹೆಂಡತಿ ಅಲ್ಲಿ ನಿಲ್ಲಬೇಕು. ರಾಯರು ಮೇಲೆ ಸ್ವಿಚ್ ಒತ್ತಿ ಕೆಮ್ಮುತ್ತಾರೆ. ಕೆಮ್ಮು ಕೇಳಿದರೆ ಮೇನ್ ಹಾಕಬೇಕು, ಮತ್ತೆ ಕೇಳಿದರೆ ತೆಗೆಯಬೇಕು. ಇಂಥ ಘನಕಾರ್ಯಕ್ಕೆ ಹೆಂಡತಿಯಿಂದ ಬೈಗುಳವನ್ನೇ ನಿರೀಕ್ಷಿಸಿದ್ದರು ರಾಯರು. ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡು ಹೋಗಿ ನಿಂತೇಬಿಟ್ಟರು.

ಇನ್‌ಸ್ಪೆಕ್ಟರಮ್ಮ ಬಂದರು. ಹೆಚ್ಚು ಮಾತಿಲ್ಲದ, ಗಂಟುಮುಖದ ಹೆಂಗಸು. ಬ್ಯಾಗನ್ನು ಟೈಲರಮ್ಮನ ಮೇಜಿನ ಮೇಲಿಟ್ಟು, ಲೈಟ್ ಹಾಕಿ ಎಂದರು. ರಾಯರು ಠೀವಿಯಿಂದ ಒತ್ತಿ ಕೆಮ್ಮಿದರು. ಲೈಟ್ ಹತ್ತಿತು. ಜೊತೆಗೆ ಫ್ಯಾನೂ ತಿರುಗತೊಡಗಿತು.

"ಫ್ಯಾನ್ ಹಾಕಿ ಅಂತ ನಾನು ಹೇಳಲಿಲ್ವಲ್ಲ."

"ಜೋಡಿ ಕನೆಕ್ಷನ್ ಮೇಡಂ. ಕರೆಂಟ್ ಉಳಿಯುತ್ತೆ" ಎಂದರು ರಾಯರು, ಒಂಚೂರೂ ಅಳುಕದೆ.

ಆದರೆ ಫ್ಯಾನಿನ ಕೆಳಗೆ ಇದ್ದದ್ದು ಟೈಲರಮ್ಮನ ಬಟ್ಟೆಚೂರುಗಳ ಗುಡ್ಡೆ. ಗಾಳಿಗೆ ನೂಲು, ಧೂಳು, ಹತ್ತಿ ಎಲ್ಲ ಒಟ್ಟಿಗೆ ಮೇಲೆದ್ದವು. ಟೈಲರಮ್ಮ ತಡೆಯಲಾರದೆ ಕೆಮ್ಮಿದರು. ಎಲ್ಲ ಆರಿತು. ಇನ್‌ಸ್ಪೆಕ್ಟರಮ್ಮ ಕೆಮ್ಮಿದರು. ಎಲ್ಲ ಹತ್ತಿತು. ಫ್ಯಾನು ಮತ್ತಷ್ಟು ಧೂಳೆಬ್ಬಿಸಿತು, ಇಬ್ಬರೂ ಪೈಪೋಟಿಯ ಮೇಲೆ ಕೆಮ್ಮತೊಡಗಿದರು, ಕೋಣೆ ನಾಟಕದ ರಂಗದಂತೆ ಕತ್ತಲು ಬೆಳಕಾಗತೊಡಗಿತು. ಕೆಮ್ಮದೇ ಇದ್ದವರು ರಾಯರೊಬ್ಬರೇ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿಸಿಕೊಂಡು ನಿಂತಿದ್ದರು.

ಎಲ್ಲ ಆರಿದ್ದ ಒಂದು ಗಳಿಗೆಯಲ್ಲಿ ಇನ್‌ಸ್ಪೆಕ್ಟರಮ್ಮ ಮೂಗು ಮುಚ್ಚಿಕೊಂಡು ಧೂಳು ಇಳಿಯುವವರೆಗೂ ಕಾದರು. ಆಮೇಲೆ ಸ್ವಿಚ್ ಮುಟ್ಟದೆ, ಬೇಕೆಂದೇ ಒಮ್ಮೆ ಕೆಮ್ಮಿದರು. ಲೈಟ್ ಹತ್ತಿತು. ಇನ್ನೊಮ್ಮೆ ಕೆಮ್ಮಿದರು. ಆರಿತು.

"ನಿಮ್ಮ ಮನೇಲಿ ಸ್ವಿಚ್ ಗೋಡೇಲಿದೆಯೋ ಗಂಟಲಲ್ಲಿದೆಯೋ?"

ರಾಯರು ಬಾಯಿ ತೆರೆಯುವ ಮೊದಲೇ ಮೆಟ್ಟಿಲ ಕಡೆಯಿಂದ ಹೆಂಡತಿಯ ಧ್ವನಿ ಬಂತು. "ರೀ, ಒಬ್ಬೊಬ್ಬರಾಗಿ ಕೆಮ್ಮಿ. ನನ್ನ ಕೈ ಬಿದ್ದುಹೋಯ್ತು."

ಇನ್‌ಸ್ಪೆಕ್ಟರಮ್ಮ ಹೊಸ ಬೋರ್ಡನ್ನು ಒಂದು ಬೆರಳಿನಿಂದ ಎಳೆದದ್ದೇ ತಡ, ಹಪ್ಪಳದಂತೆ ಕೈಗೆ ಬಂತು. ಹಿಂದೆ ಟೇಪು ಕರಗಿ ಹೊಗೆಯಾಡುತ್ತಿತ್ತು. ಅದರ ಕೆಳಗೇ ಬಟ್ಟೆಯ ರಾಶಿ. ಒಂದು ಕಿಡಿ ಬಿದ್ದಿದ್ದರೆ ಮನೆಯ ಜೊತೆ ಈಯಮ್ಮನೂ ಹೋಗುತ್ತಿದ್ದರು ಎಂದು ಇನ್‌ಸ್ಪೆಕ್ಟರಮ್ಮ ಹಲ್ಲು ಕಚ್ಚಿ ಹೇಳಿದರು. ಟೈಲರಮ್ಮ ಕತ್ತರಿ ಹಿಡಿದುಕೊಂಡೇ ರಾಯರನ್ನು ನೋಡಿದರು. ಆಕೆಗೆ ಬಂದ ಕೋಪಕ್ಕೆ ಅಂಗಿಯ ಜೊತೆ ಆಸಾಮಿಯನ್ನೂ ಕತ್ತರಿಸಿದ್ದರೆ ತಪ್ಪೇನೂ ಇರಲಿಲ್ಲ. ಮಹಡಿಗೆ ಸೀಲ್ ಬಿತ್ತು. ವೈರಿಂಗ್ ಪೂರ್ತಿ ಹೊಸದಾಗುವವರೆಗೆ ಆಕೆ ಕೆಳಗೆ ಮಾಲೀಕರ ಹಾಲ್‌ನಲ್ಲೇ ಹೊಲಿಯಬೇಕು ಎಂದಾಯಿತು. ಆದರೆ ಕೆಳಗಿನ ಮನೆಯೂ ಸುರಕ್ಷಿತವೇ ಎಂದು ಮೊದಲು ನೋಡಬೇಕಲ್ಲ.

ಕೆಳಗಿನ ಪರೀಕ್ಷೆಯಲ್ಲಿ ಪವಾಡವೇ ನಡೆಯಿತು. ಒಂದೊಂದು ಕೋಣೆಗೂ ಇನ್‌ಸ್ಪೆಕ್ಟರಮ್ಮನ ಗಂಟುಮುಖ ಸಡಿಲವಾಗುತ್ತ ಹೋಯಿತು. ಅರ್ಥಿಂಗ್ ಸರಿಯಾಗಿದೆ, ವೈರು ಒಳ್ಳೆಯದಿದೆ, ಮಾಡಿದವರು ಕೆಲಸ ಬಲ್ಲವರು ಎಂದರು. ರಾಯರಿಗೆ ಮತ್ತೆ ಎದೆ ಉಬ್ಬಿತು. ಈ ಕೈಗಳೇ ಮೇಡಂ, ಮೇಲ್ಗಡೆ ಏನೋ ಸ್ವಲ್ಪ ಅವಸರವಾಯಿತು ಎಂದು ನಾಚಿಕೆಬಿಟ್ಟು ನುಡಿದರು. ಅಷ್ಟರಲ್ಲಿ ಆಕೆ ಹಾಲ್‌ನ ಮೂಲೆಯ ಬೋರ್ಡಿನ ಮುಂದೆ ನಿಂತು, ಇದಕ್ಕೆ ವೈರೇ ಇಲ್ಲವಲ್ಲ ಎಂದರು.

"ಛೇ ಛೇ, ಮೊನ್ನೆ ತಾನೇ ರಿಪೇರಿ ಮಾಡಿದೀನಿ" ಎಂದರು ರಾಯರು. "ಲೈಟೂ ಹತ್ತಿತು. ಬೇಕಾದ್ರೆ ಇವಳನ್ನೇ ಕೇಳಿ."

ಹೆಂಡತಿ ಟೈಲರಮ್ಮನ ಯಂತ್ರಕ್ಕೆ ಜಾಗ ಮಾಡಲು ರಾಯರ ಆರಾಮಕುರ್ಚಿಯನ್ನು ಹೊರಗೆ ಎಳೆಯುತ್ತಿದ್ದರು. ಎಳೆಯುತ್ತಲೇ ಹೇಳಿದರು.

"ನೀವು ತಂಗಿ ಮನೆಗೆ ಹೋಗಿದ್ದಾಗ ಎಲೆಕ್ಟ್ರೀಷಿಯನ್ ಕರೆಸಿ ಎಲ್ಲ ಹೊಸದು ಮಾಡಿಸಿದೆ. ಮಹಡಿಗೂ ಮಾಡಿಸೋಣ ಅಂದ್ರೆ ನೀವು ಬಿಡಲಿಲ್ಲ, ಅದಕ್ಕೇ ಈ ಮೇಡಂಗೆ ಪರೀಕ್ಷೆಗೆ ಮೊದಲು ನಮ್ಮನೆಗೇ ಬನ್ನಿ ಅಂತ ಫೋನ್ ಮಾಡಿದೆ. ಈ ಬೋರ್ಡ್ ನಿಮ್ಮ ಕೈ ಸುಮ್ನಿರಲ್ಲ ಅಂತ ಬರೀ ಗೋಡೆಗೆ ಹೊಡೆಸಿಟ್ಟಿದ್ದು. ನೀವು ಸ್ಕ್ರೂ ಬಿಗಿ ಮಾಡಿ 'ಈಗ ನೋಡೇ' ಅಂದಾಗೆಲ್ಲ, ಅಡುಗೆಮನೆಯ ಸ್ವಿಚ್ಚಿಂದ ಲೈಟ್ ಹಾಕ್ತಿದ್ದವಳು ನಾನೇ ಕಣ್ರೀ."