ಕಾಲು ನೆಲ ಮುಟ್ಟುವ ಪ್ರಶ್ನೆ

ಸಂಸಾರದಲ್ಲಿ ಗುಟ್ಟು ಇಡಬಾರದು ಎನ್ನುವವರಿಗೆ ಸಂಸಾರವೇ ಗೊತ್ತಿಲ್ಲ ಎಂದು ನನ್ನ ಅಭಿಪ್ರಾಯ. ಕೆಲವರು ದುಡ್ಡು ಮುಚ್ಚಿಡುತ್ತಾರೆ, ಕೆಲವರು ವಯಸ್ಸು. ನಾನು ಹನ್ನೊಂದು ವರ್ಷ ಎರಡು ಇಂಚು ಮುಚ್ಚಿಟ್ಟಿದ್ದೆ. ನನ್ನ ಗಂಡನಿಗಿಂತ ನಾನು ಅಷ್ಟು ಎತ್ತರ. ಹುಕ್ಕೇರಿಯ ತವರುಮನೆಗೆ ಇವರು ಹೆಣ್ಣು ನೋಡಲು ಬಂದಾಗ ನನ್ನನ್ನು ಜಮಖಾನೆಯಿಂದ ಏಳಲು ಯಾರೂ ಬಿಡಲಿಲ್ಲ. ಚಹಾ ಕೂಡ ನನ್ನ ತಂಗಿಯೇ ತಂದಳು. ಮದುವೆಯ ಫೋಟೋದಲ್ಲಿ ಸೀರೆಯೊಳಗೆ ಮೊಣಕಾಲು ಮಡಚಿ ನಿಂತೆ. ಆಮೇಲೆ ಅದೇ ಅಭ್ಯಾಸವಾಯಿತು. ಯಾರಾದರೂ ಕ್ಯಾಮೆರಾ ತೆಗೆದರೆ ಸಾಕು, ನಾನು ಕುಗ್ಗುತ್ತಿದ್ದೆ. ಇವರಾಗಲಿ ನಾನಾಗಲಿ ಆ ವಿಷಯವನ್ನು ಒಮ್ಮೆಯೂ ಎತ್ತಿರಲಿಲ್ಲ. ಎತ್ತಿಸಿದ್ದು ಒಂದು ಬೈಕು.

ಆಗ ನಾವು ಮೂಡಲಗಿಯಲ್ಲಿದ್ದೆವು. ನಾನು ಕನ್ನಡ ಸಾಲಿಯಲ್ಲಿ ಶಿಕ್ಷಕಿ. ಇವರು ಪಶು ಇಲಾಖೆಯಲ್ಲಿ ಕುರಿ ದನಗಳಿಗೆ ಲಸಿಕೆ ಹಾಕುವ ನೌಕರಿಯಲ್ಲಿದ್ದರು. ಕುರಿಗಾರರು 'ಡಾಕ್ಟರ' ಎನ್ನುತ್ತಿದ್ದರು, ಇವರು ತಿದ್ದುತ್ತಿರಲಿಲ್ಲ. ಆದರೆ ಕುರಿಗಳು ಡಾಂಬರು ರಸ್ತೆಯ ಬದಿಗೆ ಬಂದು ಕಾಯಿಲೆ ಬೀಳುವುದಿಲ್ಲವಲ್ಲ! ಮಳೆಗಾಲದಲ್ಲಿ ಇವರ ಹಳೆಯ ಮೊಪೆಡ್ಡು ಎರೆಮಣ್ಣಿನಲ್ಲಿ ಹೂತುಹೋಗುತ್ತಿತ್ತು. ಇವರನ್ನು ಹೊತ್ತು ತರಬೇಕಾದ ಗಾಡಿಯನ್ನು ಎಷ್ಟೋ ಸಲ ಇವರೇ ಹೊತ್ತು ತಂದಿದ್ದಾರೆ.

ಒಂದು ದಿನ ಪೇಪರಿನಲ್ಲಿ ಜಾಹೀರಾತು ಬಂತು. ಸಣ್ಣ ಎಂಜಿನ್ನು, ಕೈಗೆಟುಕುವ ಬೆಲೆ, ಗುಡ್ಡ ಹಳ್ಳ ಎಲ್ಲಿ ಬೇಕಾದರೂ ಹೋಗುವ ಬೈಕು. ಚಿತ್ರದಲ್ಲಿ ಅದರ ಎರಡೂ ಗಾಲಿ ಗಾಳಿಯಲ್ಲಿದ್ದವು. ಇವರು ಅದನ್ನು ಕತ್ತರಿಸಿ ಲಸಿಕೆಯ ರಿಜಿಸ್ಟರಿನಲ್ಲಿಟ್ಟುಕೊಂಡು ಮೂರು ತಿಂಗಳು ವಿಚಾರ ಮಾಡಿದರು. ಊಟಕ್ಕೆ ಕೂತಾಗಲೆಲ್ಲ ಅದೇ ಮಾತು. ಮೊದಲು ಬೇಸರವಾಗುತ್ತಿತ್ತು, ಬರಬರುತ್ತ ನನಗೂ ಕುತೂಹಲ ಹತ್ತಿತು. ಮುಂದಿನ ಮಡ್‌ಗಾರ್ಡು ಗಾಲಿಯಿಂದ ಅಷ್ಟು ದೂರ ಯಾಕೆ? "ನಡುವ ಮಣ್ಣ ಸಿಕ್ಕೋಬಾರ್ದಂತ." ಹೊಗೆಕೊಳವೆ ಸೀಟಿನ ತನಕ ಯಾಕೆ ಏರಿದೆ? "ಹಳ್ಳ ದಾಟೂಮುಂದ ನೀರ ಹೋಗಬಾರ್ದಂತ." "ಹಂಗಾದ್ರ ನನ್ನ ಸೀರಿ ಸುಡಂಗಿಲ್ಲೇನ್ರಿ?" ಎಂದೆ. ಇವರು ತುತ್ತು ಬಿಟ್ಟು ನನ್ನ ಪ್ರಶ್ನೆಯನ್ನು ಬರೆದುಕೊಂಡರು.

ಕೊನೆಗೊಂದು ರವಿವಾರ ಗೋಕಾಕದ ಅಂಗಡಿಗೆ ಹೋದೆವು. ಮಾಲೀಕರು ಎಲೆಅಡಿಕೆ ಹಾಕಿಕೊಂಡ ದಪ್ಪ ಮನುಷ್ಯ. "ಇದು ಅಡ್ವೆಂಚರ್ ಬೈಕ ರೀ ಸರ್. ಕಲ್ಲ ಇರ್ಲಿ, ಮುಳ್ಳ ಇರ್ಲಿ, ನೋಡಂಗಿಲ್ಲ," ಎಂದರು.

"ನಾವ ನೋಡಬೇಕಲ್ರಿ," ಎಂದೆ.

ಕೊಳ್ಳುವ ಮೊದಲು ಓಡಿಸಿ ನೋಡಲೆಂದು ಇವರು ಅಂಗಡಿಯ ಕಟ್ಟೆಯ ಮೇಲೆ ನಿಂತು, ಅಲ್ಲಿಂದ ಬೈಕು ಹತ್ತಿದರು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಹಿಂದೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂತೆ. ಕೊಣ್ಣೂರ ದಾಟಿ ಧುಪದಾಳದ ಕಡೆಗೆ ಕಾಲುವೆಯ ಮಣ್ಣುದಾರಿ ಹಿಡಿದೆವು. ಅಲ್ಲೊಂದು ಹೊಲದಲ್ಲಿ ಲಕ್ಕಪ್ಪ ಎಂಬ ಕುರಿಗಾರ ಹಿಂಡು ಬಿಟ್ಟಿದ್ದ. ಬೈಕಿನ ಬಗ್ಗೆ ಅವನ ಅಭಿಪ್ರಾಯ ಕೇಳಬೇಕೆಂಬುದು ಇವರ ಆಸೆ. ಬೈಕೇನೋ ಗುಂಡಿಗಳ ಮೇಲೆ ತೊಟ್ಟಿಲಿನಂತೆ ತೂಗುತ್ತ ಹೋಯಿತು. ಅಷ್ಟರಲ್ಲಿ ಲಕ್ಕಪ್ಪನ ಹಿಂಡೇ ದಾರಿಗೆ ಅಡ್ಡ ಬಂತು. ಇವರು ಬ್ರೇಕು ಹಾಕಿ ಬಲಗಾಲು ಕೆಳಗೆ ಬಿಟ್ಟರು. ಕಾಲು ಹೋದಲ್ಲಿ ನೆಲವಿರಲಿಲ್ಲ. ನಾವು ವಾಲತೊಡಗಿದೆವು, ಎರಡು ಮಾತಾಡಲು ಪುರಸೊತ್ತು ಸಿಗುವಷ್ಟು ನಿಧಾನವಾಗಿ.

"ಸುನಂದಾ, ಬೀಳಾಕತ್ತೇವಿ."

"ಹೌದ್ರಿ."

ಬಿದ್ದೆವು. ಕೆಸರಾದ್ದರಿಂದ ಪೆಟ್ಟಾಗಲಿಲ್ಲ. ಲಕ್ಕಪ್ಪ ರುಮಾಲಿನ ತುದಿಯಲ್ಲಿ ನಗು ಒರೆಸಿಕೊಳ್ಳುತ್ತ ಬಂದು ಬೈಕು ಎತ್ತಿದ. ಸಂತೆಯಲ್ಲಿ ಟಗರು ನೋಡುವವನಂತೆ ಸುತ್ತು ಹಾಕಿದ, ಹೊಟ್ಟೆಯ ಕೆಳಗೆ ಬಗ್ಗಿದ, ಸೀಟನ್ನು ತಟ್ಟಿದ. "ಡಾಕ್ಟರ, ಜಾತಿ ಚಲೋ ಐತ್ರಿ. ಕಾಲ ಉದ್ದ, ಹೊಟ್ಟಿ ಮ್ಯಾಲ. ಖರೆ ನಿಮ್ಮ ಅಳತಿದಲ್ಲ." ಆಮೇಲೆ ನನ್ನ ಕಡೆ ತಿರುಗಿದ. "ಅಕ್ಕೋರ, ನೀವ ಒಮ್ಮೆ ಕುಂದರ್ರಿ, ನೋಡೂನು."

ಬೇಡ ಎನ್ನಬಹುದಿತ್ತು. ಆದರೆ ಮೂರು ತಿಂಗಳ ಕುತೂಹಲ ಕೇಳಬೇಕಲ್ಲ! ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಕೂತೆ. ಎರಡೂ ಪಾದ ಪೂರ್ತಿಯಾಗಿ ನೆಲಕ್ಕೆ ಕೂತವು. ಬೈಕು ಕಟ್ಟಿಹಾಕಿದ ಆಕಳಂತೆ ಅಲುಗದೆ ನಿಂತಿತು. ಎಂಥ ಸುಖವಾಯಿತು! ಕತ್ತೆತ್ತಿ ನೋಡಿದರೆ ಇವರ ಕಣ್ಣು ನನ್ನ ಪಾದದ ಮೇಲಿತ್ತು. ತಟ್ಟನೆ ಹಿಮ್ಮಡ ಎತ್ತಿ ತುದಿಬೆರಳಷ್ಟೇ ನೆಲಕ್ಕೆ ಊರಿದೆ. "ಅಯ್ಯ, ನನಗೂ ಮುಟ್ಟಂಗಿಲ್ಲ ನೋಡ್ರಿ!"

ಲಕ್ಕಪ್ಪ ಆಕಾಶ ನೋಡಿದ. ಇವರು ಮೊಣಕೈಯ ಕೆಸರು ಒರೆಸಿಕೊಳ್ಳುತ್ತ ಮೆಲ್ಲಗೆ, "ಹಿಮ್ಮಡ ಇಳಸು, ಸುನಂದಾ," ಎಂದರು. "ಫೋಟೋದಾಗ ಮೊಣಕಾಲ ಮಡಚಿ ನಿಂದರ್ತಿ. ಮೊದಲ ಎರಡ ವರ್ಷ ಪಾಪ, ಮೊಣಕಾಲ ಬ್ಯಾನಿ ಇರಬೇಕಂತ ತಿಳ್ಕೊಂಡಿದ್ದೆ. ಆಮ್ಯಾಲ ತಿಳೀತು."

"ಮತ್ತ ಒಂದ ಮಾತ ಹೇಳಬಾರ್ದಾಗಿತ್ತೇನ್ರಿ?"

"ನೀ ಇಷ್ಟ ಕಷ್ಟಪಟ್ಟ ಮುಚ್ಚಿಟ್ಟೀದಿ. ಹೆಂಗ ಹೇಳ್ಲಿ?"

ಹಿಮ್ಮಡ ಇಳಿಸಿದೆ. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇವರ ಮಾನ ಕಾಯುತ್ತಿದ್ದೇನೆಂದು ನಾನು ಬೀಗುತ್ತಿದ್ದೆ. ನೋಡಿದರೆ ಇವರು ಸುಮ್ಮನಿದ್ದು ನನ್ನ ಮಾನ ಕಾಯುತ್ತಿದ್ದರು. ಮೊದಲು ನಕ್ಕವರು ಇವರೇ. ಆಮೇಲೆ ಲಕ್ಕಪ್ಪನಿಗೂ ಅಪ್ಪಣೆ ಸಿಕ್ಕಂತಾಗಿ ಅವನ ನಗುವಿಗೆ ಕುರಿಗಳು ಬೆದರಿದವು.

ಇಷ್ಟಾದ ಮೇಲೆ ಬೈಕಿನ ಆಸೆ ಬಿಡುತ್ತಾರೆಂದುಕೊಂಡೆ. ಬಿಡಲಿಲ್ಲ. "ನೆಲಾ ಮ್ಯಾಲ ಬರಂಗಿಲ್ಲಂದ್ರ ಸೀಟ ಕೆಳಗ ಬರಲಿ," ಎಂದು ಬೈಕು ಕೊಂಡರು. ಗೋಕಾಕದಲ್ಲೇ ಕುಶನ್ ಕೆಲಸದವನಿಂದ ಮುಂದಿನ ಸೀಟಿನ ಸ್ಪಂಜು ಕೊಯ್ಯಿಸಿದರು. ಈಗ ಇವರ ಒಂದು ಕಾಲಿನ ಬೆರಳುಗಳು ನೆಲಕ್ಕೆ ತಾಗುತ್ತವೆ. ನಿಲ್ಲಲು ಅಷ್ಟು ಸಾಕಂತೆ. ಹಿಂದಿನ ಸೀಟು ಮಾತ್ರ ಇದ್ದಷ್ಟೇ ಎತ್ತರ ಉಳಿಯಿತು.

ಆ ಬೈಕಿನಲ್ಲಿ ಮೊದಲ ಸಲ ತವರಿಗೆ ಹೊರಟಾಗ ಒಳದಾರಿ ಹಿಡಿದೆವು. ಇನ್ನು ಯಾರಿಗೆ ಅಂಜಬೇಕು? ಬೆನ್ನು ನೆಟ್ಟಗೆ ಮಾಡಿ, ಇದ್ದಷ್ಟೂ ಎತ್ತರಕ್ಕೆ ಕೂತೆ. ಇವರ ತಲೆಯ ಮೇಲಿನಿಂದ ಕಬ್ಬಿನ ತೋಟ, ದೂರದ ಗುಡ್ಡ, ದಾರಿ ಎಲ್ಲ ಕಂಡವು. ಇಷ್ಟು ವರ್ಷ ಬಗ್ಗಿ ಬಾಳಿದೆನಲ್ಲ, ಎಂಥ ಮಂಕು ನಾನು ಎಂದುಕೊಳ್ಳುವಷ್ಟರಲ್ಲಿ ದಾರಿಗೆ ಚಾಚಿಕೊಂಡ ಒಂದು ಜಾಲಿಯ ಟೊಂಗೆ ಬಂತು. ಇವರು ಅದರ ಕೆಳಗೆ ಸಲೀಸಾಗಿ ದಾಟಿದರು. ನನ್ನ ಹಣೆ ದಾಟಲಿಲ್ಲ.

"ಏನಾತು?" ಎಂದರು ಇವರು, ತಿರುಗದೆ.

"ಏನಿಲ್ರಿ, ನಡೀರಿ," ಎಂದು ಕೂದಲೊಳಗಿನ ಮುಳ್ಳು ಆಯ್ದುಕೊಂಡೆ.

ಈಗ ಗಂಡನ ಪಕ್ಕದಲ್ಲಿ ಮೊಣಕಾಲು ಮಡಚುವುದನ್ನು ಪೂರ್ತಿ ಬಿಟ್ಟಿದ್ದೇನೆ. ಆ ಜಾಲಿ ಬಂದಾಗ ಮಾತ್ರ ಸುಮ್ಮನೆ ಬಗ್ಗುತ್ತೇನೆ. ಅದು ಇವರಷ್ಟು ದಾಕ್ಷಿಣ್ಯದ ಗಿಡವಲ್ಲ.