ಅಧ್ಯಾಯ ಮುಗಿಯುವವರೆಗೆ ನೀರು ಬಿಡುವ ಬಗ್ಗೆ

ನೀರು ಬಿಡುವ ಉಪವಿಭಾಗ
(ಇಲಾಖೆಯ ಹೆಸರು ತನಿಖೆ ಮುಗಿಯುವವರೆಗೆ ಗೌಪ್ಯ)
ಸಂಖ್ಯೆ: ನೀಬಿ/ವಾಲ್ವ್/ಕಥೆ/17/2024-25

ಸುತ್ತೋಲೆ

ವಿಷಯ: ಕರ್ತವ್ಯದ ವೇಳೆ ನೀರಗಂಟಿಗಳು ಮೊಬೈಲಿನಲ್ಲಿ ಗೇಮ್ ಮಾದರಿಯ ಅದ್ಭುತ ಕಥೆಗಳನ್ನು ಓದುವುದನ್ನು ಕ್ರಮಬದ್ಧಗೊಳಿಸುವ ಕುರಿತು.

ಉಲ್ಲೇಖ:
ಅ) ಓಣಿಯ ಮೊದಲ ಮನೆಯ ಸುಂದರಮ್ಮನವರ ದೂರು (ಅಂಗಳ ಕೆಸರಾದ ಬಗ್ಗೆ).
ಆ) ಕೊನೆಯ ಮನೆಯ ಸಾಬಮ್ಮನವರು ನೀರಿಗಾಗಿ ಬರೆಸಿದ ಹಳೆಯ ಅರ್ಜಿಗಳು (ಕಚೇರಿಯ ಚಹಾದ ತಟ್ಟೆಯ ಕೆಳಗಿದ್ದು, ಈಗ ಸಿಕ್ಕಿರುತ್ತವೆ).
ಇ) ಸದರಿ ಕಥೆಯ ಇದುವರೆಗಿನ ಎಲ್ಲ ಅಧ್ಯಾಯಗಳು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಹಾಗೂ ಚಿಂಚೋಳಿ ಭಾಗದ ಎಲ್ಲ ನೀರಗಂಟಿಗಳ ಗಮನಕ್ಕೆ ತರುವುದೇನೆಂದರೆ, ಕಾಗಿಣಾ ನದಿಯ ದಂಡೆಯ ಒಂದು ಗ್ರಾಮದ ನೀರಗಂಟಿ ಶ್ರೀ ದೇವಾನಂದ ಇವರು ಬೆಳಿಗ್ಗೆ ನೀರಿನ ಟಾಕಿಯ ವಾಲ್ವ್ ತೆರೆದು, ಪಕ್ಕದ ಫರಸಿ ಕಲ್ಲಿನ ಮೇಲೆ ಕುಳಿತು, ದಿನಕ್ಕೊಂದು ಅಧ್ಯಾಯದಂತೆ ಬರುವ ಕಥೆಯೊಂದನ್ನು ಓದಿ, ಅಧ್ಯಾಯ ಮುಗಿದ ಮೇಲೆಯೇ ವಾಲ್ವ್ ಬಂದ್ ಮಾಡುತ್ತಿರುವುದು ಕಂಡುಬಂದಿರುತ್ತದೆ. ಕಥೆಯ ನಾಯಕನು ಒಂದು ಗೋಪುರದೊಳಗೆ ಸಿಕ್ಕಿಕೊಂಡಿದ್ದು, ಪ್ರತಿ ಅಂತಸ್ತಿನಲ್ಲೂ ರಾಕ್ಷಸನನ್ನು ಕೊಂದು, ಅಂಕ ಗಳಿಸಿ, ಲೆವೆಲ್ ಏರಿ, ಮೇಲಿನ ಅಂತಸ್ತಿಗೆ ಹೋಗುವವನಾಗಿರುತ್ತಾನೆ.

ಸಣ್ಣ ಅಧ್ಯಾಯ ಬಂದ ದಿನ ನೀರು ಓಣಿಯ ಮಧ್ಯದಲ್ಲೇ ನಿಲ್ಲುತ್ತದೆ. ದೊಡ್ಡ ಕಾಳಗದ ದಿನ ದಿಬ್ಬದ ಮೇಲಿನ ಸಾಬಮ್ಮನವರ ನಳಕ್ಕೂ ಏರುತ್ತದೆ. ಹಿಂದೆ ಗಡಿಯಾರ ನೋಡಿ ನೀರು ಬಿಡುತ್ತಿದ್ದ ಕಾಲದಲ್ಲಿ ಆ ನಳಕ್ಕೆ ನೀರು ಹೋದ ದಾಖಲೆ ಇರುವುದಿಲ್ಲ. ಹೋಗಿಲ್ಲವೆಂಬ ದಾಖಲೆಯೂ ಇಲ್ಲದ ಕಾರಣ, ಹೋಗಿದೆಯೆಂದೇ ತಿಳಿಯಲಾಗಿತ್ತು.

ಆದ್ದರಿಂದ ಕೆಳಗಿನಂತೆ ನಡೆದುಕೊಳ್ಳಲು ಈ ಮೂಲಕ ಸೂಚಿಸಲಾಗಿದೆ:

1. ಸಣ್ಣ ಅಧ್ಯಾಯವನ್ನು ಒಂಟಿಯಾಗಿ ಓದತಕ್ಕದ್ದಲ್ಲ. ಹಿಂದಿನ ಅಧ್ಯಾಯವನ್ನು ನೆನಪಿಗಾಗಿ ಮತ್ತೊಮ್ಮೆ ಓದಿ ಜೋಡಿಸಿಕೊಳ್ಳತಕ್ಕದ್ದು.

2. ಕಾಳಗ ನಡೆದಿರುವಾಗ ವಾಲ್ವ್ ಮುಟ್ಟತಕ್ಕದ್ದಲ್ಲ. ನಾಯಕನು ಮೂರ್ಛೆ ಹೋದಲ್ಲಿ ಅರ್ಧ ಸುತ್ತು ತಿರುಗಿಸಬಹುದು. ಎಚ್ಚರವಾದ ಕೂಡಲೇ ಪೂರ್ಣ ತೆರೆಯತಕ್ಕದ್ದು.

3. ಖಡ್ಗ, ಕವಚ, ಮದ್ದಿನ ಬಾಟಲಿಗಳ ವರ್ಣನೆಯನ್ನು ಹಾರಿಸಿ ಓದುವುದನ್ನು ನಿಷೇಧಿಸಲಾಗಿದೆ. ಶಾಲೆಯ ತೊಟ್ಟಿಯು ಕವಚದ ವರ್ಣನೆಯಿಂದಲೇ ತುಂಬುತ್ತಿರುವುದು ಸ್ಥಳ ಪರಿಶೀಲನೆಯಿಂದ ದೃಢಪಟ್ಟಿರುತ್ತದೆ.

4. ದಿನದ ವರದಿಯಲ್ಲಿ ‘ನೀರು ಬಿಟ್ಟ ಅವಧಿ’ ಎಂಬಲ್ಲಿ ‘ಎರಡು ರಾಕ್ಷಸ, ಒಂದು ಬಾಗಿಲು’ ಎಂದಷ್ಟೇ ಬರೆದರೆ ಸಾಲದು. ರಾಕ್ಷಸರ ಗಾತ್ರವನ್ನೂ ನಮೂದಿಸತಕ್ಕದ್ದು.

5. ಸುಂದರಮ್ಮನವರು ತಮ್ಮ ಮಗಳ ಮೊಬೈಲಿನಲ್ಲಿ ಕಥೆಯನ್ನು ಮುಂದಾಗಿಯೇ ಓದಿ, ಟಾಕಿಯ ಬಳಿ ಬಂದು, ಹಾವಿನ ತಲೆಯ ರಾಕ್ಷಸ ಇವತ್ತು ಸಾಯುತ್ತಾನೆಂದು ಹೇಳಿಬಿಟ್ಟಿರುತ್ತಾರೆ. ಇದರಿಂದ ದೇವಾನಂದರು ಬೇಸರಗೊಂಡು ಓದದೆಯೇ ವಾಲ್ವ್ ಬಂದ್ ಮಾಡಿದ್ದು, ಅಂದು ಮೇಲಿನ ಮನೆಗಳು ನೀರಿಲ್ಲದೆ ಉಳಿದಿರುತ್ತವೆ. ಇನ್ನು ಮುಂದೆ ಕಥೆಯನ್ನು ಮುಂದಾಗಿ ಹೇಳುವುದನ್ನು, ನಳಕ್ಕೆ ಮೋಟಾರು ಹಚ್ಚಿ ನೀರೆಳೆಯುವುದಕ್ಕೆ ಸಮನಾದ ತಪ್ಪೆಂದು ಪರಿಗಣಿಸಲಾಗುವುದು. ಅಂಗಳ ಕೆಸರಾಗದಂತೆ ತಮ್ಮ ನಳವನ್ನು ತಾವೇ ಬಂದ್ ಮಾಡಿಕೊಳ್ಳಬಹುದೆಂದು ಸುಂದರಮ್ಮನವರಿಗೆ ತಿಳಿಸಲಾಗಿದ್ದು, ಅವರು ಇದನ್ನು ಹೊಸ ವಿಷಯವೆಂದು ಸ್ವೀಕರಿಸಿರುತ್ತಾರೆ.

6. ತನಿಖೆಯ ಸಲುವಾಗಿ ಕೆಳಗೆ ಸಹಿ ಮಾಡಿದವರು ಸದರಿ ಕಥೆಯನ್ನು ಮೊದಲಿನಿಂದ ಓದಿರುತ್ತಾರೆ. ರಜೆಯ ದಿನಗಳಲ್ಲೂ ತನಿಖೆ ನಿಂತಿರುವುದಿಲ್ಲ. ಕಚೇರಿಯ ಕಡತಗಳು ತಡವಾದದ್ದಕ್ಕೆ ಹದಿಮೂರನೇ ಅಂತಸ್ತಿನ ಬಾಗಿಲು ತೆರೆಯದಿದ್ದುದೇ ಕಾರಣವಾಗಿರುತ್ತದೆ.

7. ಕಥೆಯು ಈಗ ಕೊನೆಯ ಅಂತಸ್ತಿಗೆ ಬಂದಿದ್ದು, ಮುಂದಿನ ಅಧ್ಯಾಯಕ್ಕೆ ಮುಗಿಯುತ್ತದೆಂದು ಕಥೆಗಾರರು ಪ್ರಕಟಿಸಿರುತ್ತಾರೆ. ಮುಗಿದಲ್ಲಿ ಗಡಿಯಾರದ ವೇಳೆಯೇ ಮತ್ತೆ ಜಾರಿಗೆ ಬರುತ್ತದೆ. ಓದುವುದನ್ನು ಈಗಲೇ ಏಕೆ ನಿಲ್ಲಿಸಬಾರದೆಂದು ಕೇಳಿದ ನೋಟಿಸಿಗೆ ದೇವಾನಂದರು ಕೊಟ್ಟ ಉತ್ತರ: “ಬಂದ್ ಮಾಡಂದ್ರ ಮಾಡ್ತೀನ್ರಿ ಸಾಹೇಬ್ರ. ಆದ್ರ ಸಾಬಮ್ಮಾಯಿಗಿ ನೀವೇ ಬಂದು ಹೇಳ್ರಿ.”

ಅದರಂತೆ ಸಹಿ ಮಾಡಿದವರು ಹೋಗಿರುತ್ತಾರೆ. ಸಾಬಮ್ಮನವರು ಖಾಲಿ ಕೊಡದ ಬಾಯಿಯ ಮೇಲೆ ಕೈಯಿಟ್ಟುಕೊಂಡು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಆ ಹುಡುಗ ಯಾರ ಮಗನೋ ಏನೋ ಗೊತ್ತಿಲ್ರಿ. ಅವ ಹೊಡದಾಡೋತನಕ ನಮ್ಮ ನಳಕ್ಕ ನೀರು ಬರ್ತಾವ. ಅವ ಸೋಲೂದು ಬ್ಯಾಡ್ರಿ. ಜಲ್ದಿ ಗೆಲ್ಲೂದೂ ಬ್ಯಾಡ.”

ಈ ಹೇಳಿಕೆಯನ್ನು ಬರೆದುಕೊಳ್ಳುವಾಗ ಸಹಿ ಮಾಡಿದವರಿಗೆ ನಾಚಿಕೆಯಾಗಿರುತ್ತದೆ. ನಾಚಿಕೆಯನ್ನು ಮೇಲಿನವರಿಗೆ ವರದಿ ಮಾಡಲು ನಿಗದಿತ ನಮೂನೆ ಇಲ್ಲದ್ದರಿಂದ ಇಲ್ಲಿಯೇ ನಮೂದಿಸಲಾಗಿದೆ.

8. ನೀರು ಬಿಡುವ ವೇಳೆ ಹೆಚ್ಚಿಸಲು ಮೇಲಿನವರ ಮಂಜೂರಾತಿ ಬೇಕಾಗುತ್ತದೆ. ಕಥೆ ಓದುವ ವೇಳೆ ಹೆಚ್ಚಿಸಲು ಅದು ಬೇಕೆಂದು ಯಾವ ನಿಯಮದಲ್ಲೂ ಕಂಡುಬಂದಿರುವುದಿಲ್ಲ. ಆದ್ದರಿಂದ ದೇವಾನಂದರು ಕೊನೆಯ ಅಧ್ಯಾಯವನ್ನು ಮುಂದಿನ ಆದೇಶದವರೆಗೆ ತೆರೆಯತಕ್ಕದ್ದಲ್ಲ. ಮೊದಲ ಅಧ್ಯಾಯದಿಂದ ಮರಳಿ ಆರಂಭಿಸತಕ್ಕದ್ದು. ಈ ಸಲ ವಾಲ್ವ್ ತೆರೆದ ಮೇಲೆ ಸಾಬಮ್ಮನವರ ಮನೆಯ ಕಟ್ಟೆಗೆ ಹೋಗಿ ಕುಳಿತು, ಅವರಿಗೆ ಕೇಳುವಂತೆ ಗಟ್ಟಿಯಾಗಿ ಓದತಕ್ಕದ್ದು. ಸಾಬಮ್ಮನವರು ‘ಸಾಕು’ ಎನ್ನುವವರೆಗೆ ಯಾವ ಅಧ್ಯಾಯವನ್ನೂ ಮುಗಿದಿದೆಯೆಂದು ಪರಿಗಣಿಸಲಾಗುವುದಿಲ್ಲ.

ಸಹಿ/-
(ರೇವಣಸಿದ್ದ)
ಪ್ರಭಾರ ಅಧಿಕಾರಿ, ನೀರು ಬಿಡುವ ಉಪವಿಭಾಗ
(ಹಾಗೂ ತನಿಖಾಧಿಕಾರಿ, ಕೊನೆಯ ಅಂತಸ್ತಿನವರೆಗೆ)

ಪ್ರತಿಗಳು:
ಕಥೆಗಾರರಿಗೆ (ವಿಳಾಸ ಗೊತ್ತಿಲ್ಲ): ಗೋಪುರದ ಮೇಲೆ ಇನ್ನೂ ಕೆಲವು ಅಂತಸ್ತು ಕಟ್ಟಿಸುವ ಬಗ್ಗೆ ಪರಿಶೀಲಿಸಲು.
ಕೊನೆಯ ಅಂತಸ್ತಿನ ರಾಕ್ಷಸನಿಗೆ: ಮುಂದಿನ ಆದೇಶದವರೆಗೆ ಸಾಯದಿರಲು.
ಸುಂದರಮ್ಮನವರಿಗೆ: ಗೊತ್ತಿದ್ದರೂ ಹೇಳದಿರಲು.
ಸಾಬಮ್ಮನವರಿಗೆ: ತಮಗೆ ಓದಲು ಬರುವುದಿಲ್ಲವೆಂದು ಅವರು ತಿಳಿಸಿರುವುದರಿಂದ, ದೇವಾನಂದರು ಈ ಸುತ್ತೋಲೆಯನ್ನು ಸಂಖ್ಯೆಯಿಂದ ಸಹಿಯವರೆಗೆ ಒಂದಕ್ಷರವೂ ಬಿಡದೆ, ನಿಧಾನವಾಗಿ ಓದಿ ಹೇಳತಕ್ಕದ್ದು. ಓದುವಾಗ ವಾಲ್ವ್ ತೆರೆದಿರತಕ್ಕದ್ದು.